ಹಿಲ್ ಡಿಸ್ಟ್ರಿಕ್ಟ್: ಕೆಡವಿದವರು ಇಡದ ಲೆಕ್ಕ

1943ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರಸಭೆಯ ಸದಸ್ಯ ಜಾರ್ಜ್ ಎವನ್ಸ್ ಒಂದು ಲೇಖನ ಬರೆದರು. ಯುದ್ಧ ಮುಗಿದ ಮೇಲೆ ಊರನ್ನು ಹೇಗೆ ಹೊಸದು ಮಾಡಬೇಕು ಎನ್ನುವುದು ವಿಷಯ. ಹಿಲ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಯ ಬಗ್ಗೆ ಅವರು ಹೇಳಿದ್ದು ಇಷ್ಟು: ಅಲ್ಲಿನ ನೂರಕ್ಕೆ ತೊಂಬತ್ತರಷ್ಟು ಕಟ್ಟಡಗಳು ಕಳಪೆ, ಅವುಗಳ ಕಾಲ ಯಾವತ್ತೋ ಮುಗಿದಿದೆ. ಎಲ್ಲವನ್ನೂ ಕೆಡವಿಹಾಕಿದರೂ ಸಮಾಜಕ್ಕೆ ಯಾವ ನಷ್ಟವೂ ಇಲ್ಲ.

ಆ ಕೊನೆಯ ಮಾತು ಓದಿದಾಗಿನಿಂದ ತಲೆಯಿಂದ ಹೋಗಿಲ್ಲ. ಅದರಲ್ಲಿ ಸಿಟ್ಟಿಲ್ಲ, ಬೈಗುಳವಿಲ್ಲ. ಲೆಕ್ಕ ಬರೆಯುವವರು ಬರೆದ ಹಾಗಿದೆ. ಆದರೆ ಎಣಿಸಿದ್ದು ಗೋಡೆ, ಛಾವಣಿ, ರಸ್ತೆ ನುಂಗಿದ ಜಾಗ, ಇಷ್ಟನ್ನೇ. ಉಳಿದಿದ್ದನ್ನು ಯಾರೂ ಎಣಿಸಲಿಲ್ಲ. ಎಣಿಸದ್ದರಿಂದಲೇ ನಷ್ಟ ಸೊನ್ನೆ ಅಂತ ಬರೆಯಲು ಸಾಧ್ಯವಾಯಿತು. ಆ ಉಳಿದ ಲೆಕ್ಕವನ್ನು ಆಮೇಲೆ ಹಿಲ್‌ನ ಜನರೇ ಬರೆದರು, ಇನ್ನೂ ಬರೆಯುತ್ತಿದ್ದಾರೆ. ಅದರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಪಿಟ್ಸ್‌ಬರ್ಗ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೂರು ನದಿ ಸೇರುವ ಜಾಗದಲ್ಲಿ ಡೌನ್‌ಟೌನ್. ಪೂರ್ವಕ್ಕೆ ಒಂದಷ್ಟು ದೂರ ಹೋದರೆ ವಿಶ್ವವಿದ್ಯಾಲಯಗಳಿರುವ ಓಕ್‌ಲ್ಯಾಂಡ್. ಇವೆರಡರ ನಡುವಿನ ಗುಡ್ಡವೇ ಹಿಲ್. ಡೌನ್‌ಟೌನಿಗೆ ತಾಗಿಕೊಂಡಿರುವ ಇಳಿಜಾರು ಲೋವರ್ ಹಿಲ್. ಓಕ್‌ಲ್ಯಾಂಡಿಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರಿಗೆ ಸೀನಿಯರ್‌ಗಳು ಮೊದಲ ವಾರವೇ ಹೇಳುವ ಮಾತು ಒಂದಿದೆ: "ಆ ಕಡೆ ಹೋಗಬೇಡಿ." ನನಗೂ ಹೇಳಿದ್ದರು. ಯಾಕೆ ಅಂತ ಕೇಳಿದರೆ ಸರಿಯಾದ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಸೆಂಟರ್ ಅವೆನ್ಯೂ ಮೇಲೆ ಹೋಗುವ 82ನೇ ನಂಬರ್ ಬಸ್ಸಿನಲ್ಲಿ ಕೂತರೆ ಖಾಲಿ ಸೈಟುಗಳು, ಹಲಗೆ ಬಡಿದು ಮುಚ್ಚಿದ ಕಿಟಕಿಗಳು, ನಡುನಡುವೆ ಹೊಸ ಮನೆಗಳು ಕಾಣುತ್ತವೆ. ಇಲ್ಲಿ ಮೊದಲು ಏನಿತ್ತು ಅಂತ ಹೇಳುವವರು ಪಕ್ಕದಲ್ಲಿ ಇಲ್ಲದಿದ್ದರೆ, ಇದು ಹಿಂದಿನಿಂದಲೂ ಹೀಗೇ ಇತ್ತು ಅಂದುಕೊಳ್ಳುವುದು ಸಹಜ.

ಏನಿತ್ತು? ಬಹಳ ಇತ್ತು. ಉಕ್ಕಿನ ಕಾರ್ಖಾನೆಗಳ ಕಾಲದಲ್ಲಿ ಯಹೂದಿಗಳು, ಇಟಲಿಯವರು, ಸಿರಿಯಾ-ಲೆಬನಾನ್ ಕಡೆಯವರು ಬಂದಿಳಿದದ್ದು ಇದೇ ಗುಡ್ಡಕ್ಕೆ. ಆಮೇಲೆ ದಕ್ಷಿಣದ ಹತ್ತಿ ಹೊಲಗಳನ್ನು, ಅಲ್ಲಿನ ಹೊಡೆತ ಬಡಿತಗಳನ್ನು ಬಿಟ್ಟು ಕಪ್ಪು ಜನ ಸಾವಿರಗಟ್ಟಲೆ ಬಂದರು. ಬೇರೆ ಕಡೆ ಅವರಿಗೆ ಮನೆ ಕೊಡುವವರು ಇರಲಿಲ್ಲ. ಹಾಗಾಗಿ ಬಡವ, ವಕೀಲ, ಡಾಕ್ಟರ್, ಕೂಲಿಯವನು ಎಲ್ಲರೂ ಒಂದೇ ಗುಡ್ಡದಲ್ಲಿ ಅಕ್ಕಪಕ್ಕ ಇದ್ದರು. ಅದರ ನಡುಬೀದಿ ವೈಲೀ ಅವೆನ್ಯೂ. ಚರ್ಚಿನಲ್ಲಿ ಶುರುವಾಗಿ ಜೈಲಿನಲ್ಲಿ ಮುಗಿಯುವ ಬೀದಿ ಅಮೆರಿಕದಲ್ಲಿ ಇದೊಂದೇ ಅಂತ ಅಲ್ಲಿನ ಜನ ಹೇಳಿಕೊಂಡು ನಗುತ್ತಿದ್ದರಂತೆ.

ಈ ಗುಡ್ಡದಿಂದ ಹೊರಡುತ್ತಿದ್ದ ಪಿಟ್ಸ್‌ಬರ್ಗ್ ಕೊರಿಯರ್ ವಾರಪತ್ರಿಕೆಯನ್ನು ದೇಶದಾದ್ಯಂತ ಕಪ್ಪು ಜನ ಓದುತ್ತಿದ್ದರು. ದಕ್ಷಿಣದ ಕೆಲವು ಊರುಗಳಲ್ಲಿ ಅದನ್ನು ಬಹಿರಂಗವಾಗಿ ಮಾರುವುದೇ ಅಪಾಯ. ರೈಲಿನ ಸ್ಲೀಪರ್ ಬೋಗಿಗಳಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ನೌಕರರು ಕಟ್ಟುಗಳನ್ನು ಅಡಗಿಸಿಟ್ಟುಕೊಂಡು ಹೋಗಿ ತಲುಪಿಸುತ್ತಿದ್ದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ, ಎರಡು ಗೆಲುವು ಬೇಕು ಎಂಬ ಚಳವಳಿ ಶುರು ಮಾಡಿದ್ದು ಇದೇ ಪತ್ರಿಕೆ. ಹೊರಗೆ ಹಿಟ್ಲರ್ ಮೇಲೆ ಒಂದು ಗೆಲುವು, ಒಳಗೆ ವರ್ಣಭೇದದ ಮೇಲೆ ಇನ್ನೊಂದು.

ಗಸ್ ಗ್ರೀನ್‌ಲೀ ಎಂಬುವರ ಕ್ರಾಫರ್ಡ್ ಗ್ರಿಲ್ ಎಂಬ ಜಾಗವಿತ್ತು. ಊಟ, ಕುಡಿತ, ಜಾಝ್. ದೊಡ್ಡ ದೊಡ್ಡ ಸಂಗೀತಗಾರರು ಡೌನ್‌ಟೌನಿನಲ್ಲಿ ಬಿಳಿಯರ ಎದುರು ಕಾರ್ಯಕ್ರಮ ಮುಗಿಸಿ, ನಡುರಾತ್ರಿ ಹಿಲ್‌ಗೆ ಬಂದು ಮನಸಾರೆ ನುಡಿಸುತ್ತಿದ್ದರು. ಗ್ರೀನ್‌ಲೀ ದುಡ್ಡು ಮಾಡಿದ್ದು ನಂಬರ್ಸ್ ಎನ್ನುವ ಆಟದಲ್ಲಿ, ನಮ್ಮ ಮಟ್ಕಾ ಥರದ್ದು. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಬ್ಯಾಂಕುಗಳು ಕಪ್ಪು ಜನರಿಗೆ ಸಾಲ ಕೊಡದ ಕಾಲದಲ್ಲಿ ಆ ದುಡ್ಡು ಎಷ್ಟೋ ಜನರ ಬಾಡಿಗೆಗೆ, ವ್ಯಾಪಾರಕ್ಕೆ ಒದಗಿತು. ಅದೇ ದುಡ್ಡಿನಲ್ಲಿ ಅವರು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಬೇಸ್‌ಬಾಲ್ ತಂಡವನ್ನು ಕೊಂಡು ಬೆಳೆಸಿದರು. ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್ ಥರದ ಆಟಗಾರರು ಅದರಲ್ಲಿದ್ದರು. ತಂಡಕ್ಕೆಂದು 1932ರಲ್ಲಿ ಬೆಡ್‌ಫರ್ಡ್ ಅವೆನ್ಯೂದಲ್ಲಿ ಸ್ವಂತ ಮೈದಾನವನ್ನೂ ಕಟ್ಟಿಸಿದರು. ಅದರ ವಾಸ್ತುಶಿಲ್ಪಿ ಲೂಯಿಸ್ ಬೆಲಿಂಜರ್ ಕೂಡ ಕಪ್ಪು ಜನಾಂಗದವರೇ. ಸೆಂಟರ್ ಅವೆನ್ಯೂದಲ್ಲಿ ಇವತ್ತಿಗೂ ನಿಂತಿರುವ ನ್ಯೂ ಗ್ರನಾಡಾ ಥಿಯೇಟರ್ ಕಟ್ಟಡವೂ ಅವರದೇ ಕೆಲಸ. ಆದರೆ ಮೈದಾನ ಆರೇ ವರ್ಷಕ್ಕೆ ಹೋಯಿತು. ಸರ್ಕಾರಿ ವಸತಿ ಕಟ್ಟಲು 1938ರಲ್ಲಿ ಅದನ್ನು ಕೆಡವಿದರು.

ಇನ್ನು ಮನೆಗಳ ವಿಷಯ. ಲೋವರ್ ಹಿಲ್‌ನ ಮನೆಗಳು ನಿಜವಾಗಿಯೂ ಕೆಟ್ಟ ಸ್ಥಿತಿಯಲ್ಲಿದ್ದವು. ಎಷ್ಟೋ ಮನೆಗಳೊಳಗೆ ಶೌಚಾಲಯ ಇರಲಿಲ್ಲ. ಕಾರ್ಖಾನೆಯ ಹೊಗೆ, ಇಲಿ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಹಳೆಯ ಕಾಲದ ಸೊಗಸನ್ನು ವರ್ಣಿಸುವಾಗ ಇದನ್ನು ಬಿಟ್ಟುಬಿಡುವ ಬರಹಗಳು ನನಗೆ ಇಷ್ಟವಾಗುವುದಿಲ್ಲ. ಆದರೆ ಮನೆಗಳು ಯಾಕೆ ಹಾಗಾದವು ಅಂತಲೂ ಕೇಳಬೇಕಲ್ವಾ? 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆ ಊರೂರಿನ ನಕ್ಷೆ ತೆಗೆದು ಬಣ್ಣ ಹಚ್ಚಿತು. ಸಾಲ ಕೊಡಬಹುದಾದ ಜಾಗ ಹಸಿರು, ಅಪಾಯದ ಜಾಗ ಕೆಂಪು. ಹಿಲ್ ಕೆಂಪು. ಕಪ್ಪು ಜನ ಇದ್ದಾರೆ ಎನ್ನುವುದೇ ಅಪಾಯಕ್ಕೆ ಒಂದು ಕಾರಣವಾಗಿತ್ತು. ಸಾಲ ಸಿಗದಿದ್ದರೆ ಛಾವಣಿ ರಿಪೇರಿ ಆಗುವುದಿಲ್ಲ. ಬೇರೆ ಕಡೆ ಹೋಗಲಾರದ ಬಾಡಿಗೆದಾರ ಇದ್ದಾಗ ಮಾಲೀಕ ರಿಪೇರಿ ಮಾಡುವ ಗೋಜಿಗೂ ಹೋಗುವುದಿಲ್ಲ. ಇಪ್ಪತ್ತು ವರ್ಷ ಹೀಗೆ ಬಿಟ್ಟು, ಆಮೇಲೆ ಬಂದು ನೋಡಿ, ಹಾಳುಬಿದ್ದಿದೆ, ಕೆಡವೋಣ ಅಂದರು.

1946ರಲ್ಲಿ ನಗರ ಪುನರಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಮೇಯರ್ ಡೇವಿಡ್ ಲಾರೆನ್ಸ್ ಮತ್ತು ಬ್ಯಾಂಕಿಂಗ್ ಮನೆತನದ ರಿಚರ್ಡ್ ಕಿಂಗ್ ಮೆಲನ್ ಕೈ ಜೋಡಿಸಿದರು. 1949ರ ವಸತಿ ಕಾಯ್ದೆ ಬಂದ ಮೇಲೆ ಇಂಥ ಯೋಜನೆಗಳ ನಿವ್ವಳ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಕೇಂದ್ರವೇ ಕೊಡತೊಡಗಿತು. ಕೆಡವಲು ದುಡ್ಡು ಇಷ್ಟು ಸುಲಭವಾಗಿ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಕಪ್ಪು ಜನಾಂಗದ ಹಲವು ಮುಖಂಡರೂ, ಕೊರಿಯರ್ ಪತ್ರಿಕೆಯೂ ಮೊದಮೊದಲು ಇದನ್ನು ಬೆಂಬಲಿಸಿದರು. ಒಳ್ಳೆಯ ಮನೆ ಸಿಗುತ್ತದೆ, ಕಟ್ಟಡದ ಕೆಲಸ ಸಿಗುತ್ತದೆ ಎನ್ನುವ ಆಸೆ. ಅವರನ್ನು ಇವತ್ತು ದೂರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಮನೆಯೊಳಗೆ ನಲ್ಲಿ ನೀರು ಬೇಕು ಅಂದವರು ಊರೇ ಹೋಗಲಿ ಅಂತ ಕೇಳಿರಲಿಲ್ಲ.

1956ರ ಮೇ ಕೊನೆಯಲ್ಲಿ ಮೊದಲ ಕಟ್ಟಡ ಉರುಳಿತು. ಮುಂದಿನ ಕೆಲವು ವರ್ಷಗಳಲ್ಲಿ 95 ಎಕರೆ ಬಯಲಾಯಿತು. ಸುಮಾರು 1,300 ಕಟ್ಟಡಗಳು, 400ಕ್ಕೂ ಹೆಚ್ಚು ಅಂಗಡಿ ಮುಂಗಟ್ಟುಗಳು ಹೋದವು. ಸುಮಾರು 8,000 ಜನರನ್ನು ಒಕ್ಕಲೆಬ್ಬಿಸಿದರು. ಅವರಲ್ಲಿ ಬಿಳಿಯರೂ ಇದ್ದರು, ಆದರೆ ಬಹುಪಾಲು ಕಪ್ಪು ಜನ. ಆ ಜಾಗದಲ್ಲಿ 1961ರಲ್ಲಿ ಸಿವಿಕ್ ಅರೀನಾ ಎಂಬ ಕ್ರೀಡಾಂಗಣ ತಲೆ ಎತ್ತಿತು. ತೆರೆದು ಮುಚ್ಚುವ ದೊಡ್ಡ ಸ್ಟೀಲ್ ಗುಮ್ಮಟ. ಡೌನ್‌ಟೌನಿನ ಡಿಪಾರ್ಟ್‌ಮೆಂಟ್ ಸ್ಟೋರ್ ಒಡೆಯರಾದ ಕಾಫ್‌ಮನ್ ಕೊಟ್ಟ ಹಣವೂ ಅದರಲ್ಲಿತ್ತು. ಸಂಗೀತ ನಾಟಕಗಳನ್ನು ನಕ್ಷತ್ರಗಳ ಕೆಳಗೆ ಆಡಿಸಬೇಕು ಎನ್ನುವುದು ಮೂಲ ಕನಸು. ಆಮೇಲೆ ಅದು ಐಸ್ ಹಾಕಿ ಮೈದಾನವಾಗಿ ಹೆಸರಾಯಿತು. ಸುತ್ತ ಬರಬೇಕಿದ್ದ ಕಲಾಕೇಂದ್ರ ಬರಲೇ ಇಲ್ಲ. ಬಂದದ್ದು ಪಾರ್ಕಿಂಗ್ ಲಾಟ್. ಪಕ್ಕದಲ್ಲಿ ತಗ್ಗಿನಲ್ಲಿ ಕೊರೆದ ಹೆದ್ದಾರಿ ಗುಡ್ಡವನ್ನು ಡೌನ್‌ಟೌನಿನಿಂದ ಕತ್ತರಿಸಿಹಾಕಿತು.

ಬೆತೆಲ್ ಎ.ಎಂ.ಇ. (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಚರ್ಚಿನ ಕಥೆ ಇಲ್ಲಿ ಹೇಳಲೇಬೇಕು. 1808ರಲ್ಲಿ ಹುಟ್ಟಿದ ಸಭೆ ಅದು. ಆಲಿಗೇನಿ ಬೆಟ್ಟಗಳ ಪಶ್ಚಿಮಕ್ಕೆ ಕಪ್ಪು ಜನರ ಅತಿ ಹಳೆಯ ಚರ್ಚ್. ವೈಲೀ ಅವೆನ್ಯೂದಲ್ಲಿ 1906ರಲ್ಲಿ ಕಟ್ಟಿದ ದೊಡ್ಡ ಕಲ್ಲು ಇಟ್ಟಿಗೆಯ ಕಟ್ಟಡ, ಎತ್ತರದ ಗೋಪುರ. ಸದಸ್ಯರು ಸಾವಿರಗಟ್ಟಲೆ. ಆ ಕಟ್ಟಡ ಹಾಳುಬಿದ್ದಿತ್ತು ಅಂತ ಯಾವ ಲೆಕ್ಕದಲ್ಲೂ ಹೇಳುವ ಹಾಗಿರಲಿಲ್ಲ. 1957ರಲ್ಲಿ ಅದನ್ನೂ ಕೆಡವಿದರು. ಹತ್ತಿರದಲ್ಲೇ ಇದ್ದ ಎಪಿಫನಿ ಕ್ಯಾಥೊಲಿಕ್ ಚರ್ಚ್ ಮಾತ್ರ ಉಳಿಯಿತು, ಇವತ್ತಿಗೂ ಇದೆ. ಬೆತೆಲ್‌ನವರು ಹೇಳುವ ಪ್ರಕಾರ ಅವರಿಗೆ ಸಿಕ್ಕಿದ್ದು 2,40,000 ಡಾಲರ್, ಆಸ್ತಿಯ ನಿಜವಾದ ಬೆಲೆಯ ಮೂರನೇ ಒಂದು ಪಾಲಿನಷ್ಟು. ಅವರು ಹಿಲ್‌ನ ಮೇಲ್ಭಾಗದಲ್ಲಿ, ವೆಬ್‌ಸ್ಟರ್ ಅವೆನ್ಯೂದಲ್ಲಿ ಚಿಕ್ಕದಾಗಿ ಬೇರೆ ಚರ್ಚ್ ಕಟ್ಟಿಕೊಂಡರು. ದೂರ ದೂರ ಚದುರಿಹೋದ ಸದಸ್ಯರೆಲ್ಲ ಮತ್ತೆ ಬರಲಿಲ್ಲ.

ಈ ಪರಿಹಾರದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ಭೂಸ್ವಾಧೀನದಲ್ಲಿ ಸರ್ಕಾರ ಬೆಲೆ ಕಟ್ಟುವುದು ನೆಲಕ್ಕೆ, ಗೋಡೆಗೆ. ಲೋವರ್ ಹಿಲ್‌ನಲ್ಲಿ ಬಹುಪಾಲು ಜನ ಬಾಡಿಗೆದಾರರು. ಅವರ ಹೆಸರಿನಲ್ಲಿ ನೆಲವೂ ಇಲ್ಲ, ಗೋಡೆಯೂ ಇಲ್ಲ. ಕ್ಷೌರದ ಅಂಗಡಿಯವನ ಆಸ್ತಿ ಎಂದರೆ ಕುರ್ಚಿ, ಕನ್ನಡಿ, ಮತ್ತು ಅಲ್ಲಿಗೇ ಬರುವ ಗಿರಾಕಿಗಳು. ಗಿರಾಕಿಗಳು ಎಂಟು ದಿಕ್ಕಿಗೆ ಹೋದ ಮೇಲೆ ಕುರ್ಚಿ ಎಲ್ಲಿ ಹಾಕಿದರೂ ಅಷ್ಟೇ. ದಿನಸಿ ಅಂಗಡಿಯವರು ಸಂಬಳದ ದಿನದವರೆಗೆ ಸಾಮಾನು ಉದ್ರಿ ಕೊಡುತ್ತಿದ್ದದ್ದು ಮುಖ ನೋಡಿ. ಹೊಸ ಕೇರಿಯಲ್ಲಿ ಆ ಮುಖ ಯಾರಿಗೂ ಗೊತ್ತಿಲ್ಲ. ಕೆಲಸಕ್ಕೆ ಹೋಗುವ ತಾಯಿ ಮಗುವನ್ನು ಪಕ್ಕದ ಮನೆಯಲ್ಲಿ ಬಿಡುತ್ತಿದ್ದಳು. ಆ ಪಕ್ಕದ ಮನೆಗೆ ಬೆಲೆ ಎಷ್ಟು? ಯೋಜನೆಯ ಫೈಲಿನಲ್ಲಿ ಇದಕ್ಕೆಲ್ಲ ಕಾಲಂ ಇರಲಿಲ್ಲ. ಒಕ್ಕಲೆಬ್ಬಿಸಿದವರಿಗೆ ದೇಶದಾದ್ಯಂತ ಒಂದೇ ರೀತಿಯ ನೆರವು ಕೊಡಬೇಕೆಂಬ ಕೇಂದ್ರ ಕಾನೂನು ಬಂದಿದ್ದೇ 1970ರಲ್ಲಿ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಜನ ಎಲ್ಲಿಗೆ ಹೋದರು? ಕೆಲವರು ಹಿಲ್‌ನ ಮೇಲಿನ ಭಾಗಕ್ಕೆ, ಕೆಲವರು ಸರ್ಕಾರಿ ವಸತಿಗಳಿಗೆ, ಉಳಿದವರು ಹೋಮ್‌ವುಡ್, ಈಸ್ಟ್ ಲಿಬರ್ಟಿ, ಬೆಲ್ಟ್‌ಝೂವರ್ ಕಡೆಗೆ. ಇವರು ಬಂದ ಹಾಗೆ ಅಲ್ಲಿನ ಬಿಳಿಯರು ಮನೆ ಮಾರಿ ಹೊರಟರು. 1960ರ ದಶಕದಲ್ಲಿ ಅದೇ ಪುನರಭಿವೃದ್ಧಿ ಈಸ್ಟ್ ಲಿಬರ್ಟಿಗೂ ಬಂತು. ಅಂದರೆ ಒಮ್ಮೆ ಎದ್ದವರನ್ನು ಮತ್ತೊಮ್ಮೆ ಎಬ್ಬಿಸಿದರು. ಹಿಲ್‌ನ ಜನರ ಮಧ್ಯೆ ಕೆಲಸ ಮಾಡಿದ ಮನೋವೈದ್ಯೆ ಮಿಂಡಿ ಫುಲ್ಲಿಲವ್ ಅವರ ಅಂದಾಜಿನ ಪ್ರಕಾರ ಅಮೆರಿಕದಲ್ಲಿ ಸುಮಾರು 1,600 ಕಪ್ಪು ಬಡಾವಣೆಗಳು ಈ ಯೋಜನೆಗಳಿಗೆ ಬಲಿಯಾದವು. ಹತ್ತಾರು ವರ್ಷ ಕಳೆದರೂ ಆ ಜನ ಒಳಗೊಳಗೇ ಅನುಭವಿಸುವ ನೋವನ್ನು ಅವರು ಒಂದು ಗಾಯದ ಹಾಗೆ, ಅಂದರೆ ಹೆಸರಿಟ್ಟು ಚಿಕಿತ್ಸೆ ಮಾಡಬೇಕಾದ ಸಂಗತಿಯ ಹಾಗೆ ನೋಡುತ್ತಾರೆ. ಒಬ್ಬ ವೈದ್ಯೆ ಹಾಗೆ ನೋಡಿದ್ದು ನನಗೆ ಮುಖ್ಯ ಅನಿಸುತ್ತದೆ. ಯಾಕೆಂದರೆ ಮನೆ ಹೋದವರಿಗೆ ಲೋಕ ಸಾಮಾನ್ಯವಾಗಿ ಹೇಳುವುದು, ಆಗಿದ್ದು ಆಯ್ತು, ಮುಂದೆ ನೋಡಿ ಅಂತ.

ಯೋಜನೆ ಇನ್ನೂ ಮೇಲಕ್ಕೆ ಹತ್ತಬೇಕಿತ್ತು. 1960ರ ದಶಕದಲ್ಲಿ ಜನ ಅದನ್ನು ತಡೆದರು. ಸೆಂಟರ್ ಅವೆನ್ಯೂ ಮತ್ತು ಕ್ರಾಫರ್ಡ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ದೊಡ್ಡ ಫಲಕವೊಂದು ನಿಂತಿತು. ಇಲ್ಲಿಂದ ಮುಂದೆ ಪುನರಭಿವೃದ್ಧಿ ಬೇಡ, ಲೋವರ್ ಹಿಲ್‌ನಲ್ಲಿ ಬಡವರಿಗೆ ಮನೆ ಬೇಕು ಅಂತ ನಗರಸಭೆಗೆ, ಪ್ರಾಧಿಕಾರಕ್ಕೆ ನೇರವಾಗಿ ಬರೆದಿತ್ತು. ಆ ಮೂಲೆಗೆ ಫ್ರೀಡಂ ಕಾರ್ನರ್ ಅಂತ ಹೆಸರು. ಮೆರವಣಿಗೆಗಳು ಹೊರಡುತ್ತಿದ್ದದ್ದು ಅಲ್ಲಿಂದ. ಈಗ ಅಲ್ಲೊಂದು ಸ್ಮಾರಕವಿದೆ. ಕೆಡವುವವರು ಅಲ್ಲಿಗೆ ನಿಂತರು. ಆದರೆ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಸಿಟ್ಟು ಬೆಂಕಿಯಾಗಿ ಸೆಂಟರ್ ಅವೆನ್ಯೂದ ಅಂಗಡಿಗಳು ಸುಟ್ಟುಹೋದವು. ಅವುಗಳಲ್ಲಿ ಹೆಚ್ಚಿನವು ಮತ್ತೆ ತೆರೆಯಲಿಲ್ಲ.

ಆ ಹೊತ್ತಿನಲ್ಲೇ ಹಿಲ್ ಇನ್ನೊಂದು ಕೆಲಸ ಮಾಡಿತು. ಇದನ್ನು ಹೇಳದೆ ಮುಂದೆ ಹೋಗಲಾರೆ. ಆಗ ಯಾರಾದರೂ ಕುಸಿದು ಬಿದ್ದರೆ ಪೊಲೀಸರ ವ್ಯಾನಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು, ದಾರಿಯಲ್ಲಿ ಚಿಕಿತ್ಸೆ ಇಲ್ಲ. 1966ರಲ್ಲಿ ಮಾಜಿ ಮೇಯರ್ ಲಾರೆನ್ಸ್ ಒಂದು ಸಭೆಯಲ್ಲಿ ಹಾಗೇ ಕುಸಿದರು. ಹಾಗೇ ಸಾಗಿಸಿದರು. ಅವರು ಬದುಕಲಿಲ್ಲ. ಮರುವರ್ಷ ವೈದ್ಯ ಪೀಟರ್ ಸಾಫರ್ ಮತ್ತು ಇತರರು ಹಿಲ್‌ನಿಂದ, ಕೆಲಸ ಸಿಗದೆ ಕೂತಿದ್ದ ಕಪ್ಪು ಯುವಕರನ್ನು ಸೇರಿಸಿಕೊಂಡು ತರಬೇತಿ ಕೊಟ್ಟರು. ಹೀಗೆ ಹುಟ್ಟಿದ್ದು ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ. ಅಮೆರಿಕದ ಮೊದಲ ಪ್ಯಾರಾಮೆಡಿಕ್‌ಗಳಲ್ಲಿ, ಅಂದರೆ ದಾರಿಯಲ್ಲೇ ಚಿಕಿತ್ಸೆ ಕೊಡಲು ತರಬೇತಿ ಪಡೆದವರಲ್ಲಿ, ಇವರೂ ಸೇರುತ್ತಾರೆ. 1975ರಲ್ಲಿ ನಗರಾಡಳಿತ ತನ್ನದೇ ಆಂಬುಲೆನ್ಸ್ ಶುರು ಮಾಡಿ ಇವರ ಸೇವೆಯನ್ನು ನಿಲ್ಲಿಸಿತು. ಹಿಲ್ ಅಂದರೆ ಬಡತನ, ಅಪಾಯ ಅಂತ ಮಾತ್ರ ಕೇಳಿದ್ದ ನನಗೆ ಈ ಹುಡುಗರ ಕಥೆ ಓದಿದ ದಿನ ನಿದ್ದೆ ಬರಲಿಲ್ಲ.

ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಇದೆ. ಏಷ್ಯಾದವರಿಗೆ ಅಮೆರಿಕದ ಬಾಗಿಲು ದೊಡ್ಡದಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಅದು ಕಪ್ಪು ಜನರ ಹಕ್ಕಿನ ಹೋರಾಟ ದೇಶವನ್ನು ಅಲುಗಿಸಿದ ಕಾಲದ ಫಲ. ಆ ಬಾಗಿಲಿನಿಂದ ಬಂದ ಎಂಜಿನಿಯರ್‌ಗಳು, ಡಾಕ್ಟರ್‌ಗಳು ಪಿಟ್ಸ್‌ಬರ್ಗಿನ ಪೂರ್ವದ ಉಪನಗರಗಳಲ್ಲಿ ಮನೆ ಮಾಡಿದರು, 1976ರಲ್ಲಿ ಪೆನ್ ಹಿಲ್ಸ್‌ನಲ್ಲಿ ವೆಂಕಟೇಶ್ವರ ದೇವಸ್ಥಾನ ಕಟ್ಟಿದರು. ಅವರು ಬಂದದ್ದು ಲೋವರ್ ಹಿಲ್ ಬಯಲಾದ ಮೇಲೆ. ದೇವಸ್ಥಾನದ ಊಟದ ಹಾಲ್‌ನಲ್ಲಿ ಸಿಗುವ ಹಿರಿಯರೊಬ್ಬರನ್ನು ಕೇಳಿದ್ದೆ: "ಅಂಕಲ್, ನೀವು ಬಂದಾಗ ಅರೀನಾ ಸುತ್ತಮುತ್ತ ಹೇಗಿತ್ತು?"

"ಹೇಗಿರೋದಮ್ಮ, ಪಾರ್ಕಿಂಗ್ ಲಾಟ್. ಏನಾದ್ರೂ ನೋಡೋಕೆ ಹೋದ್ರೆ ಕಾರು ಅಲ್ಲೇ ನಿಲ್ಲಿಸ್ತಿದ್ವಿ."

"ಮೊದಲು ಅಲ್ಲಿ ಏನಿತ್ತು ಅಂತ ಯಾರಾದರೂ ಹೇಳಿದ್ರಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲಮ್ಮ. ನಾವೂ ಕೇಳಲಿಲ್ಲ."

ಅವರ ಉತ್ತರದಲ್ಲಿ ತಪ್ಪು ಹುಡುಕಲು ನನಗೆ ಇಷ್ಟವಿಲ್ಲ. ಹೊಸ ದೇಶ, ಹೊಸ ಕೆಲಸ, ಊರಿಗೆ ಕಳಿಸಬೇಕಾದ ದುಡ್ಡು. ಆದರೆ ಈಗ ನಮಗೆ ಆ ನೆಪ ಇಲ್ಲ. ಈಸ್ಟ್ ಲಿಬರ್ಟಿಯ ಪಕ್ಕದ ಹಳೆಯ ಬಿಸ್ಕತ್ತು ಕಾರ್ಖಾನೆಯಲ್ಲಿ 2010ರಿಂದ ಗೂಗಲ್ ಕಚೇರಿ ಇದೆ. ನಮ್ಮವರು ಅಲ್ಲಿ ಕೆಲಸ ಮಾಡುತ್ತಾರೆ, ಸುತ್ತಮುತ್ತಲ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇರುತ್ತಾರೆ. ಅದೇ ಈಸ್ಟ್ ಲಿಬರ್ಟಿಯ ಪೆನ್ ಪ್ಲಾಜಾ ವಸತಿಯಲ್ಲಿದ್ದ ಬಾಡಿಗೆದಾರರಿಗೆ 2015ರಲ್ಲಿ ಜಾಗ ಖಾಲಿ ಮಾಡಿ ಅಂತ ನೋಟಿಸ್ ಬಂತು. 200ಕ್ಕೂ ಹೆಚ್ಚು ಮನೆಗಳು, ಹೆಚ್ಚಿನವರು ಕಪ್ಪು ಜನ, ವಯಸ್ಸಾದವರು. ಈ ಸಲ ಕೆಡವಲು ಸರ್ಕಾರ ಬರಬೇಕಾಗಲಿಲ್ಲ. ಜಾಗದ ಬೆಲೆ ಏರಿದ್ದೇ ಸಾಕಾಯಿತು. ಬೆಲೆ ಏರಿಸಿದ್ದರಲ್ಲಿ ನಮ್ಮ ಒಳ್ಳೆಯ ಸಂಬಳವೂ ಸೇರಿದೆ.

ಈಗ ಆ ಉಳಿದ ಲೆಕ್ಕಕ್ಕೆ ಬರುತ್ತೇನೆ. ಚಾರ್ಲ್ಸ್ ಹ್ಯಾರಿಸ್ ಎಂಬ ಫೋಟೋಗ್ರಾಫರ್ ಇದ್ದರು, ಎಲ್ಲರಿಗೂ ಅವರು ಟೀನೀ ಹ್ಯಾರಿಸ್. 1908ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡರು. 1930ರ ದಶಕದಿಂದ 1970ರ ದಶಕದವರೆಗೆ ಕೊರಿಯರ್‌ಗೆ ಫೋಟೋ ತೆಗೆದರು. ಬೇರೆ ಫೋಟೋಗ್ರಾಫರ್‌ಗಳು ಹತ್ತು ಸಲ ಫ್ಲಾಶ್ ಹೊಡೆಯುತ್ತಿದ್ದರೆ ಇವರು ಒಂದೇ ಸಲ. ಅದಕ್ಕೇ ಮೇಯರ್ ಲಾರೆನ್ಸ್ ಇವರನ್ನು ಒನ್ ಶಾಟ್ ಅಂತ ಕರೆಯುತ್ತಿದ್ದರು. ಹೌದು, ಅದೇ ಲಾರೆನ್ಸ್. ಮದುವೆ, ಸಾವು, ಬಾಕ್ಸಿಂಗ್, ಶಾಲೆಯ ಬ್ಯಾಂಡ್, ಕಾರಿಗೆ ಒರಗಿ ನಿಂತ ಹುಡುಗರು, ಟೋಪಿ ಹಾಕಿಕೊಂಡು ಚರ್ಚಿನಿಂದ ಬರುವ ಹೆಂಗಸರು, ಗಾಯಕಿ ಲೀನಾ ಹಾರ್ನ್, ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್, ಬಾಕ್ಸರ್ ಮುಹಮ್ಮದ್ ಅಲಿ, ಎಲ್ಲವನ್ನೂ ತೆಗೆದರು. ಮನೆಗಳು ಉರುಳುವುದನ್ನೂ ತೆಗೆದರು.

ಸುಮಾರು 80,000 ನೆಗೆಟಿವ್‌ಗಳು. ಒಂದೇ ಬಡಾವಣೆಯ ಬದುಕನ್ನು ಒಬ್ಬನೇ ಮನುಷ್ಯ ಇಷ್ಟು ವಿವರವಾಗಿ ಹಿಡಿದಿಟ್ಟದ್ದು ಬಹಳ ಅಪರೂಪ. ಬದುಕಿನ ಕೊನೆಗಾಲದಲ್ಲಿ ಈ ನೆಗೆಟಿವ್‌ಗಳು ಅವರ ಕೈ ತಪ್ಪಿದ್ದವು. ವಾಪಸ್ ಪಡೆಯಲು ಕೋರ್ಟಿಗೆ ಹೋಗಬೇಕಾಯಿತು. ಅವರು ತೀರಿಕೊಂಡ ಮೇಲೆ ಕುಟುಂಬಕ್ಕೆ ಮರಳಿ ಸಿಕ್ಕವು. 2001ರಲ್ಲಿ ಓಕ್‌ಲ್ಯಾಂಡಿನ ಕಾರ್ನೆಗೀ ಕಲಾ ವಸ್ತುಸಂಗ್ರಹಾಲಯ ಅವನ್ನು ಕೊಂಡಿತು. ಕೊಂಡ ಮೇಲೆ ಒಂದು ತೊಂದರೆ ಎದುರಾಯಿತು. ಹೆಚ್ಚಿನ ಚಿತ್ರಗಳಿಗೆ ವಿವರವೇ ಇಲ್ಲ. ಯಾರು ಇವರು, ಯಾವ ಬೀದಿ, ಯಾವ ವರ್ಷ? ಆಗ ಸಂಗ್ರಹಾಲಯದವರು ಊರಿನ ಹಿರಿಯರನ್ನೇ ಕರೆದರು. ಜನ ಬಂದು ಚಿತ್ರಗಳ ಮುಂದೆ ಕೂತು ಗುರುತು ಹೇಳಿದರು. ಇದು ನನ್ನ ಸೋದರತ್ತೆ, ಆ ಹಿಂದಿನ ಬೋರ್ಡು ಇಂಥವರ ಹೋಟೆಲ್, ಈ ಮೆಟ್ಟಿಲು ಇಂಥ ಬೀದಿಯದು ಅಂತ. ವರ್ಷಗಟ್ಟಲೆ ಈ ಕೆಲಸ ನಡೆಯಿತು. ಕೆಡವಿದ ಬೀದಿಗಳು ಹೀಗೆ ಒಂದೊಂದೇ ಅಂಗಡಿಯಾಗಿ, ಒಂದೊಂದೇ ಹೆಸರಾಗಿ ದಾಖಲೆಗೆ ಬಂದವು.

ನಾನು ಆ ಗ್ಯಾಲರಿಗೆ ಹೋಗಿದ್ದಾಗ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಬಂದಿದ್ದರು. ಚಿತ್ರದಲ್ಲಿರುವ ಹುಡುಗರ ಶೂಗಳನ್ನು ತೋರಿಸಿ, ನೋಡು, ಭಾನುವಾರದ ಶೂ, ಎಷ್ಟು ಹೊಳೀತಿವೆ ಅಂತ ಹೇಳುತ್ತಿದ್ದರು. ಮೊಮ್ಮಗಳು ನಕ್ಕು, ಅಜ್ಜಿ, ನೀವು ಬಡವರು ಅಂತ ಹೇಳ್ತಿದ್ರಲ್ಲ ಅಂದಳು. ಅಜ್ಜಿ ಹೇಳಿದ್ದು, "ದುಡ್ಡು ಇರಲಿಲ್ಲ ಮಗಳೇ. ಶೂ ಪಾಲಿಷ್ ಇತ್ತು."

ನಾಟಕಕಾರ ಆಗಸ್ಟ್ ವಿಲ್ಸನ್ ಮಾಡಿದ್ದೂ ಇದೇ ಕೆಲಸ, ಬೇರೆ ದಾರಿಯಲ್ಲಿ. 1945ರಲ್ಲಿ ಬೆಡ್‌ಫರ್ಡ್ ಅವೆನ್ಯೂದ 1727ನೇ ನಂಬರ್ ಮನೆಯ ಹಿಂಭಾಗದಲ್ಲಿ ಅವರ ಬಾಲ್ಯ ಶುರುವಾಯಿತು. ಶಾಲೆಯಲ್ಲಿ ಅವರು ಬರೆದ ಪ್ರಬಂಧವನ್ನು ನಕಲು ಅಂದಾಗ ಹದಿನೈದಕ್ಕೇ ಶಾಲೆ ಬಿಟ್ಟು, ಲೈಬ್ರರಿಯಲ್ಲಿ ಕೂತು ಓದಿ ಬೆಳೆದವರು. ವೈಲೀ ಅವೆನ್ಯೂದ ಚುಟ್ಟಾ ಅಂಗಡಿಯೊಂದರಲ್ಲಿ ಮುದುಕರು ಹರಟುವುದನ್ನು ಗಂಟೆಗಟ್ಟಲೆ ಕೇಳುತ್ತಿದ್ದರು. ಇಪ್ಪತ್ತನೇ ಶತಮಾನದ ಒಂದೊಂದು ದಶಕಕ್ಕೆ ಒಂದರಂತೆ ಹತ್ತು ನಾಟಕ ಬರೆದರು. ಒಂಬತ್ತು ನಡೆಯುವುದು ಹಿಲ್‌ನಲ್ಲೇ. ಅವುಗಳಲ್ಲೊಂದರಲ್ಲಿ ಹೋಟೆಲ್ ಮಾಲೀಕನೊಬ್ಬ, ನನ್ನ ಕಟ್ಟಡ ಬೇಕಿದ್ದರೆ ನಾನು ಹೇಳಿದ ಬೆಲೆ ಕೊಡಿ ಅಂತ ನಗರಾಡಳಿತದ ಎದುರು ಪಟ್ಟು ಹಿಡಿದು ಕೂರುತ್ತಾನೆ. ಇನ್ನೊಂದರಲ್ಲಿ ಹಿಲ್‌ನವರೇ ಆಗಿ, ಓದಿ ಮೇಲೆ ಬಂದವರೇ ಹಳೆಯ ಮನೆಯೊಂದನ್ನು ಕೆಡವಲು ಹೊರಡುತ್ತಾರೆ. ನೋವು ಒಂದೇ ಕಡೆಯಿಂದ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಬಹುಕಾಲ ಪಾಳುಬಿದ್ದಿದ್ದ ಅವರ ಮನೆಯನ್ನು ದುರಸ್ತಿ ಮಾಡಿ 2022ರಲ್ಲಿ ತೆರೆದಿದ್ದಾರೆ.

ಫೋಟೋ, ನಾಟಕ, ಅಜ್ಜಿಯರ ಮಾತು, ಇವನ್ನೆಲ್ಲ ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವುದು ಅಂತ ತಿಳಿದವರು ಬಹಳ ಜನ. ಹಿಲ್‌ನಲ್ಲಿ ಆದದ್ದನ್ನು ನೋಡಿದರೆ ಹಾಗೆ ಅನಿಸುವುದಿಲ್ಲ. 2007ರಲ್ಲಿ, ಸಿವಿಕ್ ಅರೀನಾದಲ್ಲಿ ಆಡುತ್ತಿದ್ದ ಐಸ್ ಹಾಕಿ ತಂಡ ಊರು ಬಿಟ್ಟು ಹೋಗದಿರಲಿ ಎಂದು ಹೊಸ ಅರೀನಾ ಕಟ್ಟಿಕೊಡುವ ಒಪ್ಪಂದವಾಯಿತು. ಜೊತೆಗೆ ಹಳೆಯ ಅರೀನಾದ ಸುತ್ತಲಿನ 28 ಎಕರೆಯನ್ನು ಅಭಿವೃದ್ಧಿ ಮಾಡುವ ಹಕ್ಕನ್ನೂ ತಂಡಕ್ಕೆ ಕೊಟ್ಟರು. ಆಗ ಹಿಲ್‌ನ ಸಂಘಟನೆಗಳು ಎದ್ದು ನಿಂತು, ಇದು ಖಾಲಿ ಜಾಗ ಅಲ್ಲ, ಇಲ್ಲಿ ನಮ್ಮ ಬಾಕಿ ಇದೆ ಅಂದವು. ಹೆಸರು ಹೇಳಿ, ಬೀದಿ ಹೇಳಿ ಕೇಳಿದವು. 2008ರಲ್ಲಿ ಊರಿನವರಿಗೆ ಕೆಲಸ, ಸೌಲಭ್ಯ ಕೊಡುವ ಒಪ್ಪಂದಕ್ಕೆ ಸಹಿ ಬಿತ್ತು. ಪಿಟ್ಸ್‌ಬರ್ಗಿನಲ್ಲಿ ಆ ಬಗೆಯದು ಅದೇ ಮೊದಲು. ಅದರಲ್ಲಿ ಒಂದು ದಿನಸಿ ಅಂಗಡಿಯೂ ಇತ್ತು. ಹಿಲ್‌ನ ಜನ ದಶಕಗಳಿಂದ ತರಕಾರಿಗೆ ಬಸ್ಸು ಹತ್ತುತ್ತಿದ್ದರು. 2013ರಲ್ಲಿ ಸೂಪರ್‌ಮಾರ್ಕೆಟ್ ತೆರೆಯಿತು, 2019ರಲ್ಲಿ ಮುಚ್ಚಿತು. ಚದುರಿಸಿದ ಕೇರಿಗೆ ಒಂದು ಅಂಗಡಿ ನಡೆಸುವಷ್ಟು ಗಿರಾಕಿಗಳನ್ನು ಮರಳಿ ತರುವುದು ಎಷ್ಟು ಕಷ್ಟ ಅಂತ ಇದರಿಂದ ಗೊತ್ತಾಗುತ್ತದೆ.

ಹಳೆಯ ಅರೀನಾವನ್ನು 2012ರ ಹೊತ್ತಿಗೆ ಪೂರ್ತಿ ಕೆಡವಿದರು. ಅದರ ಆಯುಷ್ಯ ಐವತ್ತು ವರ್ಷ. ಅದು ನುಂಗಿದ ಚರ್ಚ್ ಕೂಡ ಅಷ್ಟೇ ಕಾಲ ನಿಂತಿತ್ತು, ಇನ್ನೂ ನಿಲ್ಲಬಹುದಿತ್ತು. ಹೆದ್ದಾರಿಯ ಮೇಲೆ ಮುಚ್ಚಿಗೆ ಹಾಕಿ 2021ರಲ್ಲಿ ಒಂದು ಪಾರ್ಕ್ ಮಾಡಿದ್ದಾರೆ. ಕತ್ತರಿಸಿದ್ದ ದಾರಿ ಅಷ್ಟರಮಟ್ಟಿಗೆ ಕೂಡಿದೆ. ಅದಕ್ಕೆ ಇಟ್ಟಿರುವ ಹೆಸರು ಫ್ರಾಂಕೀ ಪೇಸ್. ಹಿಲ್‌ನಲ್ಲಿ ಸಂಗೀತದ ಅಂಗಡಿ ನಡೆಸುತ್ತಾ, ಒಕ್ಕಲೆಬ್ಬಿಸುವುದರ ವಿರುದ್ಧ ಹೋರಾಡಿದ ಹೆಂಗಸು ಅವರು. ಆ ಹೆಸರು ನನಗೆ ಸಮಾಧಾನ ಕೊಡುತ್ತದೆ. ಪಕ್ಕದಲ್ಲೇ ಎದ್ದಿರುವ 26 ಮಹಡಿಯ ಬ್ಯಾಂಕ್ ಕಟ್ಟಡ ಅಷ್ಟು ಕೊಡುವುದಿಲ್ಲ.

ಬೆತೆಲ್‌ನವರು ತಮ್ಮ ಕೇಳಿಕೆಯನ್ನು ಒಂದು ದಿನವೂ ಕೈಬಿಡಲಿಲ್ಲ. ಕೆಡವಿದ ವರ್ಷ, ಕೊಟ್ಟ ದುಡ್ಡು, ಕಟ್ಟಡದ ಚಿತ್ರ, ಕಳೆದುಹೋದ ಸದಸ್ಯರು, ಎಲ್ಲವನ್ನೂ ಮುಂದಿಟ್ಟು, ನಮಗೆ ನ್ಯಾಯ ಬೇಕು ಅಂತ ಪೀಳಿಗೆಯಿಂದ ಪೀಳಿಗೆಗೆ ಕೇಳುತ್ತಲೇ ಬಂದರು. 2023ರ ಏಪ್ರಿಲ್‌ನಲ್ಲಿ ಹಾಕಿ ತಂಡ ಮತ್ತು ಚರ್ಚ್ ನಡುವೆ ಒಪ್ಪಂದವಾಯಿತು. ಹಳೆಯ ಚರ್ಚ್ ಇದ್ದ ಜಾಗಕ್ಕೆ ಹತ್ತಿರದಲ್ಲಿ ಒಂದೂವರೆ ಎಕರೆ ಜಾಗದ ಅಭಿವೃದ್ಧಿ ಹಕ್ಕು ಚರ್ಚಿಗೆ ಬಂತು. 66 ವರ್ಷ ಆಗಿತ್ತು. ಅಲ್ಲಿ ಮನೆಗಳನ್ನು ಕಟ್ಟುವ ಆಲೋಚನೆ ಅವರದು.

95 ಎಕರೆ ಹೋದ ಕಡೆ ಒಂದೂವರೆ ಎಕರೆ. ಇದು ಸಾಕು ಅಂತ ಬೆತೆಲ್‌ನವರು ಹೇಳುತ್ತಿಲ್ಲ, ನಾನೂ ಹೇಳುವುದಿಲ್ಲ. ನೆಲ ತೆಗೆದುಕೊಂಡದ್ದು ಹಾಕಿ ತಂಡ ಅಲ್ಲ, ಪ್ರಾಧಿಕಾರ. ಆ ಹಳೆಯ ಬಾಕಿಯನ್ನು ಪ್ರಾಧಿಕಾರವೇ ತೀರಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಬಾಡಿಗೆದಾರರ, ಕ್ಷೌರದ ಅಂಗಡಿಯವರ, ಹೋಟೆಲಿನವರ ಮೊಮ್ಮಕ್ಕಳು ಈಗಲೂ ಇದೇ ಊರಿನಲ್ಲಿದ್ದಾರೆ. ಲೋವರ್ ಹಿಲ್‌ನಲ್ಲಿ ಏಳುವ ಮನೆಗಳಲ್ಲಿ ಮೊದಲ ಹಕ್ಕು ಅವರದಾಗಬೇಕು, ಅವರಿಗೆ ಕಟ್ಟಲಾಗುವ ಬಾಡಿಗೆಗೆ. ಯಾರು ಯಾವ ಬೀದಿಯಲ್ಲಿದ್ದರು ಅಂತ ಗೊತ್ತಿಲ್ಲ ಎನ್ನುವ ನೆಪ ಈಗ ನಡೆಯುವುದಿಲ್ಲ. ಓಕ್‌ಲ್ಯಾಂಡಿನ ಸಂಗ್ರಹಾಲಯದಲ್ಲಿ ಹೆಸರುಗಳಿವೆ.